ಉಪಸಂಪಾದನೆಗೆ ಡಿ.ಜೆ. ಶಿಕ್ಷಣ: ಲಾಭವೆಷ್ಟು, ಕಿವಿಯ ವೆಚ್ಚವೆಷ್ಟು?

ಮಹಾನಗರಗಳಲ್ಲಿ ನೆಲೆಸಿರುವ ಮಧ್ಯಮ ವರ್ಗದ ಕುಟುಂಬಗಳಿಗೆ ತಿಂಗಳ ಸಂಬಳವೊಂದೇ ಸಾಲದೆಂಬುದು ಹೊಸ ಮಾತೇನಲ್ಲ. ಮನೆಯ ಬಾಡಿಗೆ, ಮಕ್ಕಳ ವಿದ್ಯಾಭ್ಯಾಸ, ವೃದ್ಧ ತಂದೆತಾಯಿಗಳ ಔಷಧೋಪಚಾರ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ವೆಚ್ಚ ಇವೆಲ್ಲವನ್ನೂ ಸರಿದೂಗಿಸಬೇಕಾದವರು ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ಸಂಪಾದಿಸುವ ಮಾರ್ಗವನ್ನು ಅರಸುವುದು ಸಹಜ. ಹಿಂದೆ ಮುಂಬಯಿಗೆ ಬಂದ ಕನ್ನಡಿಗರಲ್ಲಿ ಅನೇಕರು ಹಗಲು ಹೋಟೆಲು, ಕಚೇರಿಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತರು. ಕಲಿತ ಮೇಲೆ ಸಂಜೆಯ ಹೊತ್ತು ಮಕ್ಕಳಿಗೆ ಪಾಠ ಹೇಳಿಯೋ, ಬೆರಳಚ್ಚು ಕಲಿಸಿಯೋ, ಜೀವವಿಮೆಯ ಏಜೆನ್ಸಿ ಹಿಡಿದೋ ಸಂಸಾರದ ಭಾರವನ್ನು ಹಗುರ ಮಾಡಿಕೊಂಡವರೂ ಅವರಲ್ಲಿದ್ದರು.

ಕಾಲ ಬದಲಾದಂತೆ ಕಲಿಸುವ ವಿದ್ಯೆಗಳೂ ಬದಲಾಗುತ್ತವೆ. ಇಂದಿನ ತರುಣರು ಹಣ ತೆತ್ತು ಕಲಿಯಬಯಸುವ ವಿದ್ಯೆಗಳಲ್ಲಿ ‘ಡಿ.ಜೆ.’ ವಿದ್ಯೆಯೂ ಒಂದು. ಮದುವೆಯ ಹಿಂದಿನ ದಿನದ ಸಂಗೀತ ಕೂಟ, ನವರಾತ್ರಿಯ ದಾಂಡಿಯಾ, ಕಾಲೇಜಿನ ವಾರ್ಷಿಕೋತ್ಸವ, ಕಂಪನಿಗಳ ಸಂತೋಷಕೂಟ, ಎಲ್ಲೆಡೆಯೂ ಡಿ.ಜೆ.ಗೆ ಕರೆ ಬರುತ್ತದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಸಮಾರಂಭಗಳಿಗೆ ಅಲೆಯುವುದಕ್ಕಿಂತ, ವಾರದ ಕೊನೆಯಲ್ಲಿ ಮನೆಯಲ್ಲಿಯೇ ಕುಳಿತು ಈ ವಿದ್ಯೆಯನ್ನು ಕಲಿಸುವುದು ಲೇಸೆಂದು ಕೆಲವರು ಎಣಿಸುತ್ತಾರೆ. ಮನೆಯ ಹಿರಿಯರಿಗಾದರೋ ಡಿ.ಜೆ. ಎಂದೊಡನೆ, ಮೆರವಣಿಗೆಯಲ್ಲಿ ಕಿಟಕಿಯ ಗಾಜನ್ನೇ ನಡುಗಿಸುವ ಧ್ವನಿವರ್ಧಕಗಳ ಗೋಡೆ ನೆನಪಾಗಿ ಎದೆ ಝಲ್ಲೆನ್ನುತ್ತದೆ. ಇಬ್ಬರ ಎಣಿಕೆಯಲ್ಲಿಯೂ ಸತ್ಯಾಂಶವಿದೆ. ಈ ಉಪವೃತ್ತಿಯ ಸ್ವರೂಪವೇನು, ಅದರಿಂದ ಕೈಗೆ ಬರುವುದೆಷ್ಟು, ಲೆಕ್ಕಪುಸ್ತಕದಲ್ಲಿ ಕಾಣದಂತೆ ಕೈಬಿಟ್ಟು ಹೋಗುವುದೇನು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಡಿ.ಜೆ. ಎಂದರೆ ಯಾರು?

‘ಡಿಸ್ಕ್ ಜಾಕಿ’ ಎಂಬುದರ ಹ್ರಸ್ವರೂಪವೇ ‘ಡಿ.ಜೆ.’. ಮೊದಮೊದಲು ರೇಡಿಯೋ ನಿಲಯದಲ್ಲಿ ಗ್ರಾಮಫೋನ್ ತಟ್ಟೆಗಳನ್ನು ಒಂದಾದ ಮೇಲೊಂದರಂತೆ ನುಡಿಸುತ್ತ, ನಡುನಡುವೆ ಕೇಳುಗರೊಡನೆ ಮಾತನಾಡುವವನಿಗೆ ಈ ಹೆಸರಿತ್ತು. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಆರಂಭವಾದ ‘ಬಿನಾಕಾ ಗೀತಮಾಲಾ’ ಕಾರ್ಯಕ್ರಮವನ್ನು ನಡೆಸಿಕೊಟ್ಟ ಅಮೀನ್ ಸಯಾನಿಯವರನ್ನು ಈ ಅರ್ಥದಲ್ಲಿ ಸ್ಮರಿಸಬಹುದು.

ಎರಡು ತಟ್ಟೆಗಳನ್ನು ಏಕಕಾಲದಲ್ಲಿ ಕೈಯಾಡಿಸಿ, ಒಂದು ಹಾಡಿನಿಂದ ಇನ್ನೊಂದಕ್ಕೆ ಲಯ ಮುರಿಯದಂತೆ ದಾಟುವ ಕಲೆ ಅನಂತರ ಬೆಳೆಯಿತು. 1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಒಂದು ವಸತಿಗೃಹದಲ್ಲಿ, ಜಮೈಕಾದಿಂದ ವಲಸೆ ಬಂದಿದ್ದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ತರುಣ ನಡೆಸಿದ ನೃತ್ಯಕೂಟವನ್ನು ಹಿಪ್‌ಹಾಪ್ ಸಂಗೀತದ ಜನ್ಮದಿನವೆಂದು ಗುರುತಿಸುವ ವಾಡಿಕೆಯಿದೆ. ‘ಕೂಲ್ ಹರ್ಕ್’ ಎಂಬ ಹೆಸರಿನಿಂದ ಪ್ರಸಿದ್ಧನಾದ ಆತ, ಒಂದೇ ಹಾಡಿನ ಎರಡು ತಟ್ಟೆಗಳನ್ನು ಇಟ್ಟುಕೊಂಡು, ಜನ ಮೈಮರೆತು ಕುಣಿಯುತ್ತಿದ್ದ ವಾದ್ಯಭಾಗವನ್ನು ಮತ್ತೆ ಮತ್ತೆ ನುಡಿಸುವ ಉಪಾಯವನ್ನು ರೂಢಿಸಿದನು. ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ತಟ್ಟೆಯಂತ್ರ 1972ರಲ್ಲಿ ಹೊರಬಂದಿತ್ತು; 1979ರ ಅದರ ಸುಧಾರಿತ ಮಾದರಿಯಲ್ಲಿ ವೇಗವನ್ನು ಶೇಕಡ 8ರವರೆಗೆ ಏರಿಸುವ, ಇಳಿಸುವ ಜಾರುಗುಂಡಿಯನ್ನು ಅಳವಡಿಸಲಾಯಿತು. 2001ರಲ್ಲಿ ಬಂದ ಪಯೊನೀರ್ ಸಿಡಿಜೆ-1000 ಯಂತ್ರದಿಂದ ಸಿ.ಡಿ.ಗಳನ್ನೂ ಗ್ರಾಮಫೋನ್ ತಟ್ಟೆಯಂತೆಯೇ ಕೈಯಿಂದ ಆಡಿಸುವುದು ಸಾಧ್ಯವಾಯಿತು. ಇಂದು ಒಂದು ಲ್ಯಾಪ್‌ಟಾಪ್, ಎರಡು ತಿರುಗುಚಕ್ರಗಳಿರುವ ಕಂಟ್ರೋಲರ್ ಎಂಬ ಪೆಟ್ಟಿಗೆ ಮತ್ತು ಒಂದು ಹೆಡ್‌ಫೋನ್ ಇದ್ದರೆ ಅಭ್ಯಾಸಕ್ಕೆ ಸಾಕು. ‘ಮಿಕ್ಸ್’ ಎಂಬ ಕಂಪ್ಯೂಟರ್ ತಂತ್ರಾಂಶವಂತೂ ಉಚಿತವಾಗಿಯೇ ದೊರೆಯುತ್ತದೆ.

ಕಲಿಸಬೇಕಾದ ವಿದ್ಯೆ

ಗುಂಡಿ ಒತ್ತಿದರೆ ಹಾಡು ಬರುತ್ತದೆ, ಇದರಲ್ಲಿ ಕಲಿಸುವುದೇನಿದೆ ಎಂದು ಕೇಳುವವರುಂಟು. ಯಕ್ಷಗಾನದ ಭಾಗವತರನ್ನು ಸ್ಮರಿಸಿದರೆ ಈ ಸಂದೇಹಕ್ಕೆ ಉತ್ತರ ದೊರೆಯುತ್ತದೆ. ರಂಗದ ಮೇಲಿನ ವೇಷಧಾರಿಯ ಹೆಜ್ಜೆಯನ್ನೂ ಸಭಿಕರ ಮುಖವನ್ನೂ ನೋಡುತ್ತ, ಯಾವ ಪದ್ಯವನ್ನು ಎಷ್ಟು ಎಳೆಯಬೇಕು, ಕಾಲವನ್ನು ಎಲ್ಲಿ ಏರಿಸಬೇಕು ಎಂದು ನಿರ್ಧರಿಸುವವರು ಭಾಗವತರು. ಡಿ.ಜೆ. ತಾನು ಹಾಡುವುದಿಲ್ಲವಾದರೂ, ಸಭೆಯ ಮನವರಿತು ಲಯವನ್ನು ನಡೆಸುವ ಹೊಣೆ ಅವನದೂ ಹೌದು.

ಮೊದಲನೆಯ ಪಾಠ ಎಣಿಕೆ. ಹಾಡಿನ ವೇಗವನ್ನು ನಿಮಿಷಕ್ಕೆ ಇಷ್ಟು ಬಡಿತಗಳೆಂದು ಅಳೆಯುತ್ತಾರೆ. ನಿಮಿಷಕ್ಕೆ 120 ಬಡಿತಗಳಿದ್ದರೆ ಒಂದು ಬಡಿತಕ್ಕೆ ಅರ್ಧ ಸೆಕೆಂಡು, ನಾಲ್ಕು ಬಡಿತಗಳ ಒಂದು ಆವರ್ತಕ್ಕೆ 2 ಸೆಕೆಂಡು, ಹದಿನಾರು ಆವರ್ತಗಳಿಗೆ 32 ಸೆಕೆಂಡು. ನೃತ್ಯಕ್ಕೆಂದೇ ರಚಿತವಾದ ಹಾಡುಗಳು ಬಹುಮಟ್ಟಿಗೆ ಎಂಟು ಅಥವಾ ಹದಿನಾರು ಆವರ್ತಗಳಿಗೊಮ್ಮೆ ತಿರುವು ಪಡೆಯುತ್ತವೆ. ಭಜನೆಯಲ್ಲಿ ಕೂತು ಆದಿತಾಳ ಹಾಕಿ ಅಭ್ಯಾಸವಿರುವವರಿಗೆ ಈ ಎಣಿಕೆ ಬೇಗ ಕೈವಶವಾಗುವುದು.

ಎರಡನೆಯ ಪಾಠ ಲಯ ಹೊಂದಿಸುವುದು. ನುಡಿಯುತ್ತಿರುವ ಹಾಡು 126, ಮುಂದೆ ಬರಬೇಕಾದ ಹಾಡು 120 ಬಡಿತಗಳದ್ದಾದರೆ, ಎರಡನೆಯದನ್ನು ಶೇಕಡ 5ರಷ್ಟು ಚುರುಕುಗೊಳಿಸಬೇಕು. ನಿಮಿಷಕ್ಕೆ ಒಂದೇ ಒಂದು ಬಡಿತದ ವ್ಯತ್ಯಾಸ ಉಳಿದರೂ ಅರ್ಧ ನಿಮಿಷದಲ್ಲಿ ಒಂದರ ಬಡಿತ ಇನ್ನೊಂದರ ನಡುವೆ ಬಿದ್ದು, ಕುದುರೆಗಳು ಗೊತ್ತುಗುರಿಯಿಲ್ಲದೆ ಓಡಿದಂತೆ ಕೇಳಿಸುತ್ತದೆ. ಇಂದಿನ ಯಂತ್ರಗಳು ಒಂದು ಗುಂಡಿಯಿಂದ ತಾವೇ ಲಯ ಹೊಂದಿಸಬಲ್ಲವು. ಆದರೂ ಯಂತ್ರ ಬಡಿತವನ್ನು ತಪ್ಪಾಗಿ ಎಣಿಸಿದಾಗ ಅದನ್ನು ಗುರುತಿಸಬೇಕಾದುದು ಕಿವಿಯೇ. ಹಳೆಯ ಚಿತ್ರಗೀತೆಗಳಲ್ಲಿ ತಬಲಾ, ಢೋಲಕ್ ವಾದಕರು ಭಾವಕ್ಕೆ ತಕ್ಕಂತೆ ಲಯವನ್ನು ತುಸು ಹಿಗ್ಗಿಸಿ ಕುಗ್ಗಿಸಿರುವುದರಿಂದ ಇಂತಹ ತಪ್ಪು ಅಲ್ಲಿ ಹೆಚ್ಚು.

ಮೂರನೆಯದು ಧ್ವನಿಗಳ ಹದ. ಎರಡು ಹಾಡುಗಳ ಮಂದ್ರಧ್ವನಿಗಳು ಒಟ್ಟಿಗೆ ಮೊಳಗಿದರೆ ಗೊಂದಲವಾಗುತ್ತದೆ. ಒಂದನ್ನು ಏರಿಸುವಾಗ ಇನ್ನೊಂದನ್ನು ತಗ್ಗಿಸಬೇಕು. ನಾಲ್ಕನೆಯದು ಹಾಡುಗಳ ಆಯ್ಕೆ. ಯಾವ ಸಭೆಗೆ ಯಾವ ಹಾಡು, ಯಾವ ಹೊತ್ತಿಗೆ ಯಾವ ವೇಗ ಎಂಬುದು ಅನುಭವದಿಂದ ಬರುವ ತಿಳಿವಳಿಕೆ.

ವಾರಕ್ಕೆ ಎರಡು ಗಂಟೆಗಳಂತೆ ಎಂಟು ವಾರ, ಅಂದರೆ 16 ಗಂಟೆಗಳಲ್ಲಿ, ಆಸಕ್ತಿಯುಳ್ಳ ವಿದ್ಯಾರ್ಥಿಗೆ ಇಷ್ಟನ್ನು ಪ್ರಾರಂಭಿಕವಾಗಿ ತಿಳಿಸಿಕೊಡಬಹುದು. ಕೊನೆಯ ವಾರದಲ್ಲಿ ಅರ್ಧ ಗಂಟೆಯ ಒಂದು ಕಾರ್ಯಕ್ರಮವನ್ನು ಅವನೇ ಸಿದ್ಧಪಡಿಸಿ ನುಡಿಸುವಂತೆ ಮಾಡಿದರೆ, ಕಲಿತದ್ದೆಷ್ಟು ಎಂಬುದು ಅವನಿಗೂ ಪೋಷಕರಿಗೂ ಮನವರಿಕೆಯಾಗುತ್ತದೆ. ಚೆನ್ನಾಗಿ ನುಡಿಸಬಲ್ಲವರೆಲ್ಲ ಚೆನ್ನಾಗಿ ಕಲಿಸಬಲ್ಲವರೆಂದು ಹೇಳಲಾಗದು. ವಿದ್ಯಾರ್ಥಿಯ ತಪ್ಪನ್ನು ತಾನೇ ಕೈಹಾಕಿ ಸರಿಪಡಿಸದೆ, ಅದು ಅವನ ಕಿವಿಗೇ ಕೇಳಿಸುವವರೆಗೆ ಕಾಯುವ ತಾಳ್ಮೆ ಶಿಕ್ಷಕನಿಗೆ ಅವಶ್ಯ.

ಬಂಡವಾಳ ಮತ್ತು ವರಮಾನ

ಇನ್ನು ಲೆಕ್ಕಕ್ಕೆ ಬರೋಣ. ಉದಾಹರಣೆಗಾಗಿ, ಒಬ್ಬ ಗೃಹಸ್ಥ ಕಂಟ್ರೋಲರ್, ಸಾಧಾರಣ ಲ್ಯಾಪ್‌ಟಾಪ್, ಎರಡು ಹೆಡ್‌ಫೋನ್ ಮತ್ತು ಸಣ್ಣ ಧ್ವನಿವರ್ಧಕಗಳಿಗಾಗಿ 90,000 ರೂಪಾಯಿಗಳನ್ನು ತೊಡಗಿಸಿದನೆಂದು ಇಟ್ಟುಕೊಳ್ಳೋಣ. ಇಬ್ಬಿಬ್ಬರಂತೆ ಮೂರು ತಂಡಗಳಲ್ಲಿ ಆರು ವಿದ್ಯಾರ್ಥಿಗಳು. ಪ್ರತಿ ತಂಡಕ್ಕೆ ಶನಿವಾರ ಒಂದು ಗಂಟೆ, ಭಾನುವಾರ ಒಂದು ಗಂಟೆ. ಎಂಟು ವಾರಗಳಿಗೆ ತಲಾ 8,000 ರೂಪಾಯಿ ಶುಲ್ಕ. ಎರಡು ತಿಂಗಳಿಗೆ 48,000, ಅಂದರೆ ತಿಂಗಳಿಗೆ 24,000 ರೂಪಾಯಿ ವರಮಾನ.

ಇದೆಲ್ಲವೂ ಲಾಭವೆಂದು ತಿಳಿಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಸಲಕರಣೆಗಳ ಆಯುಷ್ಯ ಐದು ವರ್ಷವೆಂದು ಹಿಡಿದರೆ ತಿಂಗಳಿಗೆ 1,500 ರೂಪಾಯಿ ಸವಕಳಿ. ಅದೇ 90,000 ರೂಪಾಯಿಗಳನ್ನು ಶೇಕಡ 6ರ ಬಡ್ಡಿಗೆ ಠೇವಣಿಯಿಟ್ಟಿದ್ದರೆ ವರ್ಷಕ್ಕೆ 5,400 ರೂಪಾಯಿ ಬರುತ್ತಿತ್ತು. ಕೈಬಿಟ್ಟ ಆ ಬಡ್ಡಿ ತಿಂಗಳಿಗೆ 450. ವಿದ್ಯುತ್ತು ಮತ್ತು ಇಂಟರ್‌ನೆಟ್ಟಿಗೆ 750, ಹಾಡುಗಳನ್ನು ನ್ಯಾಯವಾಗಿ ಕೊಳ್ಳಲು 1,000, ದುರಸ್ತಿ ಹಾಗೂ ಇಯರ್‌ಪ್ಲಗ್ಗುಗಳಿಗೆ 600, ಪ್ರಚಾರಕ್ಕೆ 700. ಒಟ್ಟು 5,000 ಕಳೆದರೆ ಉಳಿಯುವುದು 19,000. ಪಾಠದ 6 ಗಂಟೆಗಳೊಡನೆ ಸಿದ್ಧತೆಯ 2 ಗಂಟೆಗಳನ್ನು ಸೇರಿಸಿ ವಾರಕ್ಕೆ 8, ತಿಂಗಳಿಗೆ 32 ಗಂಟೆಗಳ ದುಡಿಮೆಯೆಂದರೆ, ಗಂಟೆಗೆ ಸುಮಾರು 594 ರೂಪಾಯಿ ಬಂದಂತಾಯಿತು.

ವಿದ್ಯಾರ್ಥಿಗಳು ಮೂವರೇ ಬಂದು, ಪ್ರತಿ ತಂಡದಲ್ಲಿ ಒಬ್ಬೊಬ್ಬನೇ ಉಳಿದರೆ ವರಮಾನ 12,000ಕ್ಕೆ ಇಳಿಯುತ್ತದೆ. ವೆಚ್ಚ ಇಳಿಯುವುದಿಲ್ಲ, ಗಂಟೆಗಳೂ ಇಳಿಯುವುದಿಲ್ಲ. ಉಳಿಯುವುದು 7,000, ಅಂದರೆ ಗಂಟೆಗೆ 219 ರೂಪಾಯಿಯಷ್ಟೆ. ಪರೀಕ್ಷೆಯ ಕಾಲದಲ್ಲಿ ತರಗತಿ ಬರಿದಾಗುವುದನ್ನೂ ಎಣಿಸಿ, ವರ್ಷಕ್ಕೆ ಹತ್ತು ತಿಂಗಳ ಆದಾಯವನ್ನಷ್ಟೇ ನಂಬುವುದು ಕ್ಷೇಮ. ಆದ್ದರಿಂದ ಸಾಲ ಮಾಡಿ ಭಾರಿ ಸಲಕರಣೆಗಳನ್ನು ಕೊಳ್ಳದೆ, ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಜಾಣತನ.

ಲೆಕ್ಕಪುಸ್ತಕದಲ್ಲಿ ಕಾಣದ ಬಂಡವಾಳ

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಲಕರಣೆ ಸೇರಿಲ್ಲ. ಅದು ಶಿಕ್ಷಕನ ಕಿವಿ. ಲ್ಯಾಪ್‌ಟಾಪ್ ಕೆಟ್ಟರೆ ಬೇರೆ ಕೊಳ್ಳಬಹುದು, ಹೆಡ್‌ಫೋನ್ ಮುರಿದರೆ ಅಂಗಡಿಯಿದೆ. ಕಿವಿ ಸವೆದರೆ ಅದಕ್ಕೆ ಬದಲಿ ಇಲ್ಲ.

ಹೊರಗಿನ ಶಬ್ದ ಕಿವಿಯ ತಮಟೆಗೆ ತಗಲಿ, ಮೂರು ಪುಟ್ಟ ಎಲುಬುಗಳ ಮೂಲಕ ಒಳಗಿವಿಯನ್ನು ಸೇರುತ್ತದೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯ ಎಂಬ ಅಂಗದೊಳಗೆ ಸುಮಾರು 15,000 ರೋಮಕೋಶಗಳಿವೆ. ಶಬ್ದದ ಕಂಪನಗಳನ್ನು ನರಸಂಕೇತಗಳನ್ನಾಗಿ ಮಾರ್ಪಡಿಸಿ ಮೆದುಳಿಗೆ ಕಳುಹಿಸುವುದು ಈ ಕೋಶಗಳ ಕೆಲಸ. ಅತಿಯಾದ ಶಬ್ದಕ್ಕೆ ಪದೇ ಪದೇ ಗುರಿಯಾದಾಗ ಅವು ಬಳಲುತ್ತವೆ. ಬಳಲಿಕೆ ಮಿತಿಮೀರಿದರೆ ಸಾಯುತ್ತವೆ. ಪಕ್ಷಿಗಳಲ್ಲಿ ಇಂತಹ ಕೋಶಗಳು ಮತ್ತೆ ಹುಟ್ಟಬಲ್ಲವು, ಮನುಷ್ಯರಲ್ಲಿ ಹುಟ್ಟುವುದಿಲ್ಲ. ಹುಟ್ಟುವಾಗ ದೊರೆತ ಈ ಠೇವಣಿಯಿಂದ ಹಿಂತೆಗೆಯಬಹುದೇ ಹೊರತು, ಅದಕ್ಕೆ ಹೊಸದಾಗಿ ಜಮಾ ಮಾಡುವ ಮಾರ್ಗವಿಲ್ಲ.

ಶಬ್ದವನ್ನು ಅಳೆಯುವ ಡೆಸಿಬೆಲ್ ಮಾನವು ಸಾಮಾನ್ಯ ಕೂಡುವ ಲೆಕ್ಕವಲ್ಲ, ಚಕ್ರಬಡ್ಡಿಯಂತೆ ಬೆಳೆಯುವ ಲೆಕ್ಕ. 3 ಡೆಸಿಬೆಲ್ ಏರಿದರೆ ಶಬ್ದಶಕ್ತಿ ಇಮ್ಮಡಿ. 10 ಏರಿದರೆ ಹತ್ತು ಪಟ್ಟು. 20 ಏರಿದರೆ ನೂರು ಪಟ್ಟು. ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. ಅಮೆರಿಕದ ವೃತ್ತಿ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1998ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ, ದುಡಿಮೆಯ ಸ್ಥಳದಲ್ಲಿ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಳವರೆಗೆ ಮಾತ್ರ ಸಹಿಸಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕೇವಲ 15 ನಿಮಿಷ. ಈ ಮಿತಿಯೊಳಗಿದ್ದರೂ, ಜೀವಮಾನವಿಡೀ ಹೀಗೆ ದುಡಿದವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಶಬ್ದದ ಕಾರಣದಿಂದಲೇ ಶ್ರವಣದೋಷ ಉಂಟಾಗಬಹುದೆಂದು ಆ ಸಂಸ್ಥೆಯೇ ಅಂದಾಜು ಮಾಡಿದೆ.

ಮೇಲಿನ ಉದಾಹರಣೆಯ ಶಿಕ್ಷಕ ದಿನಕ್ಕೆ ಮೂರು ಗಂಟೆ ಪಾಠ ಹೇಳುತ್ತಾನೆ. ವಿದ್ಯಾರ್ಥಿ ಒಬ್ಬೊಬ್ಬನೂ ಒಂದೇ ಗಂಟೆ ಕುಳಿತು ಎದ್ದುಹೋಗುವನು. ಮೂರು ತಂಡಗಳ ಶಬ್ದವೂ ಬೀಳುವುದು ಶಿಕ್ಷಕನ ಕಿವಿಯ ಮೇಲೆ. ತರಗತಿಯಲ್ಲಿ 94 ಡೆಸಿಬೆಲ್ ಇದ್ದರೆ ಅವನು ಆ ದಿನದ ಮಿತಿಯ ಮೂರು ಪಟ್ಟು ವ್ಯಯಿಸಿದಂತಾಯಿತು. ಅದನ್ನೇ 88ಕ್ಕೆ ಇಳಿಸಿದರೆ ಮಿತಿಯ ಮುಕ್ಕಾಲು ಭಾಗದಲ್ಲಿ ಮುಗಿಯುತ್ತದೆ; 82ಕ್ಕೆ ಇಳಿಸಿದರೆ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದೇ ವ್ಯಕ್ತಿ ರಾತ್ರಿ ಸಮಾರಂಭವೊಂದಕ್ಕೆ ಹೋಗಿ 100 ಡೆಸಿಬೆಲ್ ಶಬ್ದದ ನಡುವೆ ನಾಲ್ಕು ಗಂಟೆ ನಿಂತರೆ ಮಿತಿಯ ಹದಿನಾರು ಪಟ್ಟಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯೂ ಈ ವಿಷಯದಲ್ಲಿ ಎಚ್ಚರಿಕೆ ನೀಡಿದೆ. ಅಸುರಕ್ಷಿತವಾಗಿ ಸಂಗೀತ ಕೇಳುವ ಅಭ್ಯಾಸದಿಂದ ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ತರುಣರ ಶ್ರವಣಶಕ್ತಿ ಅಪಾಯದಲ್ಲಿದೆಯೆಂದು ಅದರ ಅಂದಾಜು. ಸ್ವಂತ ಉಪಕರಣಗಳಲ್ಲಿ ಕೇಳುವುದಕ್ಕೆ, ಹಿರಿಯರಿಗೆ ವಾರಕ್ಕೆ 80 ಡೆಸಿಬೆಲಿನಲ್ಲಿ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲಿನಲ್ಲಿ 40 ಗಂಟೆ ಎಂಬ ಮಿತಿಯನ್ನು ಅದು ಸೂಚಿಸಿದೆ. ಸಂಗೀತ ಸಮಾರಂಭಗಳಲ್ಲಿ ಶಬ್ದದ 15 ನಿಮಿಷಗಳ ಸರಾಸರಿ 100 ಡೆಸಿಬೆಲ್ ಮೀರಬಾರದೆಂದು 2022ರಲ್ಲಿ ಮಾನದಂಡವನ್ನು ಪ್ರಕಟಿಸಿದೆ.

ಕಿವಿ ಕೊಡುವ ಮುನ್ಸೂಚನೆಗಳು

ಶಬ್ದದಿಂದಾಗುವ ಕಿವುಡು ನೋವಿಲ್ಲದೆ ಬರುತ್ತದೆ. ಬಂದುದು ತಿಳಿಯುವ ಹೊತ್ತಿಗೆ ಬಹಳವಾಗಿ ಹೋಗಿರುತ್ತದೆ. ಮೊದಲು ಕುಂದುವುದು ಸೆಕೆಂಡಿಗೆ 3,000ದಿಂದ 6,000 ಕಂಪನಗಳ ಎತ್ತರದ ಧ್ವನಿ, ಅದರಲ್ಲಿಯೂ 4,000ದ ಸುತ್ತಮುತ್ತ. ಸ, ಶ, ತ, ಕ ಮೊದಲಾದ ವ್ಯಂಜನಗಳ ಸ್ಪಷ್ಟತೆ ಬಹುಮಟ್ಟಿಗೆ ಈ ಎತ್ತರದ ಧ್ವನಿಗಳನ್ನೇ ಅವಲಂಬಿಸಿದೆ. ಆದ್ದರಿಂದಲೇ ಇಂತಹವರು “ಮಾತು ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ” ಎನ್ನುತ್ತಾರೆ. ಊಟದ ಮನೆಯ ಗದ್ದಲದಲ್ಲಿ ಪಕ್ಕದವರ ಮಾತು, ದೂರವಾಣಿಯಲ್ಲಿ ಮೊಮ್ಮಗುವಿನ ತೊದಲು ನುಡಿ ಮೊದಲು ದೂರವಾಗುತ್ತವೆ.

ಜೋರು ಶಬ್ದದಿಂದ ಹೊರಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು ಅಥವಾ ಹತ್ತಿ ಇಟ್ಟಂತೆ ಮಂದವಾಗುವುದು ಕಿವಿ ಕೊಡುವ ನೋಟೀಸು. ಮರುದಿನ ಸರಿಹೋಯಿತೆಂದು ಉದಾಸೀನ ಮಾಡಬಾರದು. ಗುಂಯ್‌ಗುಡುವಿಕೆ ನಿಲ್ಲದೆ ಉಳಿದರೆ ನಿದ್ದೆಯೂ ಮನಶ್ಶಾಂತಿಯೂ ಕೆಡುತ್ತವೆ. ಹಿಂದಿನಷ್ಟೇ ಶಬ್ದ ಸಾಲದೆಂದು ಗುಂಡಿಯನ್ನು ದಿನೇ ದಿನೇ ಮೇಲೇರಿಸುವ ಅಭ್ಯಾಸವೂ ಒಂದು ಲಕ್ಷಣ. ಶ್ರವಣ ಹಠಾತ್ತನೆ ಕುಂದಿದರಂತೂ ಅದೇ ದಿನ ಕಿವಿ, ಮೂಗು, ಗಂಟಲಿನ ತಜ್ಞ ವೈದ್ಯರನ್ನು ಕಾಣತಕ್ಕದ್ದು. ತಡವಾದಷ್ಟೂ ಚಿಕಿತ್ಸೆಯ ಫಲ ಕಡಿಮೆ.

ಈ ವೃತ್ತಿಯನ್ನು ಕೈಗೊಳ್ಳುವವರು ಆರಂಭಿಸುವ ಮುನ್ನವೇ ಒಮ್ಮೆ ಶ್ರವಣಪರೀಕ್ಷೆ ಮಾಡಿಸಿ ಅದರ ನಕ್ಷೆಯನ್ನು ಕಾದಿರಿಸಿಕೊಳ್ಳಬೇಕು. ಅದು ಕಿವಿಯ ಆರಂಭದ ಶಿಲ್ಕು. ಅನಂತರ ವರ್ಷಕ್ಕೊಮ್ಮೆ ಪರೀಕ್ಷಿಸಿ ಹೋಲಿಸಿದರೆ ಸವಕಳಿ ಎಷ್ಟೆಂಬುದು ತಿಳಿಯುತ್ತದೆ. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಈ ಕ್ಷೇತ್ರದ ಪ್ರಮುಖ ಸರಕಾರಿ ಸಂಸ್ಥೆಗಳು. ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಸೌಕರ್ಯವಿದೆ.

ತರಗತಿಯಲ್ಲಿ ಪಾಲಿಸಬೇಕಾದ ನಿಯಮಗಳು

ಸುದೈವದಿಂದ, ಮೆಲುದನಿಯ ಪಾಠವೇ ಒಳ್ಳೆಯ ಪಾಠವೂ ಹೌದು. ಅಬ್ಬರದಲ್ಲಿ ಲಯದ ಸಣ್ಣ ತಪ್ಪು ಮುಚ್ಚಿಹೋಗುತ್ತದೆ. ಮೆಲುದನಿಯಲ್ಲಿ ಅದು ಎದ್ದು ಕೇಳಿಸುತ್ತದೆ. ಆದ್ದರಿಂದ ಕೆಳಗಿನ ನಿಯಮಗಳು ಆರೋಗ್ಯಕ್ಕೂ ವಿದ್ಯೆಗೂ ಸಮಾನವಾಗಿ ಹಿತಕರ.

1. ಒಂದು ತೋಳಿನಷ್ಟು ದೂರದಲ್ಲಿರುವವರೊಡನೆ ದನಿಯೇರಿಸದೆ ಮಾತನಾಡಲು ಸಾಧ್ಯವಾಗುವಷ್ಟು ಮಾತ್ರ ಶಬ್ದವಿರಲಿ. ಮೊಬೈಲಿನ ಶಬ್ದಮಾಪಕ ತಂತ್ರಾಂಶದಿಂದ ಸ್ಥೂಲವಾಗಿ ಅಳೆದು, 80ರ ಆಸುಪಾಸಿನಲ್ಲಿ ನಿಲ್ಲಿಸುವುದು ಒಳ್ಳೆಯದು.

2. ಹೆಡ್‌ಫೋನಿನ ಬಲೆಯನ್ನು ಅರಿತಿರಬೇಕು. ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಲು ಅದರ ಶಬ್ದ ಧ್ವನಿವರ್ಧಕವನ್ನು ಮೀರಬೇಕು. ಧ್ವನಿವರ್ಧಕ ಜೋರಾದಷ್ಟೂ ಹೆಡ್‌ಫೋನೂ ಜೋರಾಗುತ್ತದೆ. ಆದ್ದರಿಂದ ಮೊದಲು ಇಳಿಸಬೇಕಾದುದು ಧ್ವನಿವರ್ಧಕವನ್ನು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಉತ್ತಮ.

3. ಲಯ ಹೊಂದಿಸುವ ಆರಂಭದ ಪಾಠಗಳಿಗೆ ಧ್ವನಿವರ್ಧಕವೇ ಬೇಡ. ಕವಲು ತಂತಿಯ ಮೂಲಕ ಶಿಕ್ಷಕನೂ ವಿದ್ಯಾರ್ಥಿಯೂ ಎರಡು ಹೆಡ್‌ಫೋನುಗಳಲ್ಲಿ ಮೆಲ್ಲನೆ ಕೇಳಬಹುದು.

4. ತಂಡ ತಂಡಗಳ ನಡುವೆ ಕಾಲು ಗಂಟೆಯಾದರೂ ಕಿವಿಗೆ ಮೌನದ ವಿಶ್ರಾಂತಿ ಕೊಡಬೇಕು. ಎಣಿಕೆ, ಹಾಡುಗಳ ಪಟ್ಟಿ ಸಿದ್ಧಪಡಿಸುವುದು ಮುಂತಾದ ನಿಶ್ಶಬ್ದ ಪಾಠಗಳನ್ನು ನಡುನಡುವೆ ಇಟ್ಟುಕೊಳ್ಳಬೇಕು.

5. ಸಮಾರಂಭಗಳಿಗೆ ಹೋಗುವ ವಿದ್ಯಾರ್ಥಿಗೆ ಸಂಗೀತಗಾರರಿಗೆಂದೇ ತಯಾರಾದ ಇಯರ್‌ಪ್ಲಗ್ ಧರಿಸುವುದನ್ನು ಪಾಠದ ಭಾಗವಾಗಿಯೇ ಕಲಿಸಬೇಕು. ಸಾಮಾನ್ಯ ಸ್ಪಂಜಿನ ಬಿರಡೆ ಎತ್ತರದ ಧ್ವನಿಯನ್ನು ಹೆಚ್ಚಾಗಿ ನುಂಗಿ ಹಾಡನ್ನು ಮಂಕಾಗಿಸುತ್ತದೆ. ಇದು ಎಲ್ಲ ಧ್ವನಿಗಳನ್ನೂ ಬಹುಮಟ್ಟಿಗೆ ಸಮನಾಗಿ ತಗ್ಗಿಸುತ್ತದೆ.

6. ವಿದ್ಯಾರ್ಥಿ ಬಾಲಕನಾಗಿದ್ದರೆ ಶಬ್ದ ಇನ್ನೂ ಕಡಿಮೆಯಿರಬೇಕು. ಪೋಷಕರು ಯಾವಾಗ ಬೇಕಾದರೂ ಬಂದು ಕುಳಿತು ನೋಡುವಂತಿರಬೇಕು.

ನೆರೆಹೊರೆ, ಕಾನೂನು ಮತ್ತು ತೆರಿಗೆ

ನಗರದ ಕಟ್ಟಡಗಳಲ್ಲಿ ಒಬ್ಬರ ಗೋಡೆ ಇನ್ನೊಬ್ಬರ ಗೋಡೆಯೂ ಹೌದು. ಮಂದ್ರಧ್ವನಿ ಗೋಡೆಯನ್ನು ದಾಟುವುದರಲ್ಲಿ ನಿಸ್ಸೀಮ. ಪರದೆ, ರತ್ನಗಂಬಳಿಗಳಿಂದ ಅದು ನಿಲ್ಲದು. ಆದಕಾರಣ ಹೌಸಿಂಗ್ ಸೊಸೈಟಿಗೆ ಮೊದಲೇ ತಿಳಿಸಿ, ಹಗಲಿನ ವೇಳೆಯಲ್ಲಿಯೇ ತರಗತಿ ನಡೆಸುವುದು ಯೋಗ್ಯ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಶಬ್ದಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಖಾಸಗಿ ಧ್ವನಿಸಲಕರಣೆಗಳ ಶಬ್ದ, ಆ ಸ್ಥಳದ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲಿಗಿಂತ ಹೆಚ್ಚಾಗಿ ಮೀರಕೂಡದು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆ ನಿಷಿದ್ಧ. ಹಬ್ಬಗಳ ಸಂದರ್ಭದಲ್ಲಿ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು.

ಧ್ವನಿಮುದ್ರಿಕೆಗಳಿಗೆ ಒಡೆಯರಿದ್ದಾರೆಂಬುದನ್ನೂ ವಿದ್ಯಾರ್ಥಿಗೆ ತಿಳಿಸಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾರ್ವಜನಿಕವಾಗಿ ನುಡಿಸುವುದಕ್ಕೆ ಹಕ್ಕುದಾರರ ಪರವಾನಗಿ ಬೇಕು. ಮದುವೆಯ ಮೆರವಣಿಗೆಯೂ ಮದುವೆಗೆ ಸಂಬಂಧಿಸಿದ ಸಂಭ್ರಮಗಳೂ ಸೇರಿದಂತೆ ಧಾರ್ಮಿಕ ಸಮಾರಂಭಗಳಿಗೆ ಅದೇ ಕಾಯಿದೆಯಲ್ಲಿ ವಿನಾಯಿತಿ ಇದೆ.

ನೌಕರಿಯಲ್ಲಿರುವವರು ಶುಲ್ಕ ಪಡೆಯುವ ಮುನ್ನ ತಮ್ಮ ಸೇವಾನಿಯಮಗಳನ್ನು ಓದಿಕೊಳ್ಳತಕ್ಕದ್ದು. ಕೇಂದ್ರ ಸರಕಾರದ ನೌಕರರಿಗೆ 1964ರ ನಡತೆ ನಿಯಮಗಳಂತೆ ಬೇರೆ ವ್ಯಾಪಾರ, ಉದ್ಯೋಗಗಳಿಗೆ ಪೂರ್ವಾನುಮತಿ ಅವಶ್ಯ. ಬ್ಯಾಂಕು ಮುಂತಾದೆಡೆಯೂ ಇಂತಹ ನಿಯಮಗಳಿವೆ. ಅನುಮತಿಯಿಲ್ಲದೆ ಸಂಪಾದಿಸಿದ ಏಳು ಸಾವಿರಕ್ಕಾಗಿ ಖಾಯಂ ನೌಕರಿಗೆ ಕುತ್ತು ತಂದುಕೊಳ್ಳುವುದು ವಿವೇಕವಲ್ಲ. ಈ ಆದಾಯವನ್ನು ಸಂಬಳದೊಡನೆ ಸೇರಿಸಿ ತೆರಿಗೆ ವಿವರಣೆಯಲ್ಲಿ ತೋರಿಸಲೇಬೇಕು. ಖರ್ಚು, ಸವಕಳಿಗಳನ್ನು ಈ ವೃತ್ತಿಯ ವರಮಾನದಲ್ಲಿ ಕಳೆಯಬಹುದು. ನಷ್ಟವಾದರೆ ಅದನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ. ಸೇವೆಗಳ ಜಿ.ಎಸ್.ಟಿ. ನೋಂದಣಿ ಸಾಮಾನ್ಯವಾಗಿ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದಾಗ ಮಾತ್ರ ಅವಶ್ಯವಾದುದರಿಂದ, ಸಣ್ಣ ತರಗತಿಗೆ ಆ ಚಿಂತೆಯಿಲ್ಲ. ಪ್ರತಿ ಶುಲ್ಕಕ್ಕೂ ರಸೀದಿ, ಪ್ರತಿ ಖರ್ಚಿಗೂ ಚೀಟಿ ಇಟ್ಟುಕೊಂಡರೆ ವರ್ಷಾಂತ್ಯದಲ್ಲಿ ಪರದಾಟ ತಪ್ಪುತ್ತದೆ.

ಉಪಸಂಹಾರ

ಡಿ.ಜೆ. ಶಿಕ್ಷಣವು ಗೌರವದಿಂದ ನಡೆಸಬಹುದಾದ ಒಂದು ಉಪವೃತ್ತಿ. ಮಿತವಾದ ಬಂಡವಾಳ, ಮನೆಯಲ್ಲಿಯೇ ದುಡಿಮೆ, ತರುಣರ ಒಡನಾಟ ಇವು ಅದರ ಅನುಕೂಲಗಳು. ಶಿಕ್ಷಕನ ಎದುರಿಗೆ ಕೂರುವ ಹುಡುಗ ಅವನ ಕೈಚಳಕವನ್ನಷ್ಟೇ ಕಲಿಯುವುದಿಲ್ಲ, ಶಬ್ದದ ಗುಂಡಿಯನ್ನು ಅವನು ಎಲ್ಲಿಗೆ ನಿಲ್ಲಿಸುತ್ತಾನೆಂಬುದನ್ನೂ ನೋಡಿ ಕಲಿಯುತ್ತಾನೆ. ನಾಳೆ ಅದೇ ಹುಡುಗ ಮದುವೆಯ ಮಂಟಪದಲ್ಲಿ ಮುನ್ನೂರು ಜನರ ಕಿವಿಗಳ ಮುಂದೆ ನಿಲ್ಲುವವನು. ಆ ಮುನ್ನೂರರಲ್ಲಿ ತೊಟ್ಟಿಲ ಕೂಸೂ ಇರುತ್ತದೆ, ಹೃದ್ರೋಗದ ಅಜ್ಜನೂ ಇರುತ್ತಾರೆ.

ತಿಂಗಳಿಗೆ ಹತ್ತೊಂಬತ್ತು ಸಾವಿರ ರೂಪಾಯಿಗಳು ಸಂಸಾರಕ್ಕೆ ಸಣ್ಣ ನೆರವೇನಲ್ಲ. ಅದನ್ನು ಹತ್ತು, ಹದಿನೈದು ವರ್ಷ ಗಳಿಸುತ್ತಿರಬೇಕೆಂದಾದರೆ, ವರ್ಷಕ್ಕೊಂದು ಶ್ರವಣಪರೀಕ್ಷೆಯ ಖರ್ಚನ್ನು ಮೊದಲನೆಯ ತಿಂಗಳ ಪಟ್ಟಿಯಲ್ಲಿಯೇ ಬರೆದುಕೊಳ್ಳುವುದು ಒಳಿತು.